ಬೆನ್ನ ಹಿಂದಿನ ಕಿಟಕಿ

ಧನುರ್ಮಾಸದ ಭಾನುವಾರ, ಚನ್ನರಾಯಪಟ್ಟಣದ ಹೊರವಲಯ. ತೆಂಗಿನ ಗರಿಗಳ ಮೇಲೆ ಕೂತ ಮಂಜು ಇನ್ನೂ ಎದ್ದಿಲ್ಲ. ಹೆದ್ದಾರಿ ಬದಿಯ ಹೋಟೆಲಿನೊಳಗಿಂದ ಇಡ್ಲಿ ಪಾತ್ರೆಯ ಹಬೆ ಬಾಗಿಲವರೆಗೆ ಬಂದು ಹೊರಗಿನ ಮಂಜಿನಲ್ಲಿ ಬೆರೆಯುತ್ತಿದೆ. ಪಕ್ಕದ ತಳ್ಳುಗಾಡಿಯಲ್ಲಿ ರಾಶಿ ಹಾಕಿದ ಅವರೆಕಾಯಿಯ ಸೊಗಡು ಆ ಹಬೆಗೂ ಹತ್ತಿಕೊಂಡಿದೆ. ಬೆಂಗಳೂರು ಬಿಟ್ಟು ಸಕಲೇಶಪುರದ ಕಡೆಗೆ ಹೊರಟ ಹಳೆಯ ಕಾರುಗಳ ಒಂದು ಗುಂಪು ತಿಂಡಿಗೆ ನಿಂತಿದೆ. ಬಾನೆಟ್ಟುಗಳು ಇನ್ನೂ ಬಿಸಿ, ಅವುಗಳ ಮೇಲೆ ಬಿದ್ದ ಇಬ್ಬನಿ ಹನಿ ಹನಿಯಾಗಿ ಆರುತ್ತಿದೆ. ಬಸ್ಸಿಗೆ ಕಾದಿರುವವರು, ಹಾಲು ಹಾಕಿ ಮರಳುತ್ತಿರುವವರು, ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರು ಎಲ್ಲರೂ ಕಾರುಗಳ ಮುಂದೆ ನೆರೆದಿದ್ದಾರೆ. ದುಂಡು ದೀಪಗಳನ್ನು ಮುಟ್ಟಿ ನೋಡುತ್ತಾರೆ, ಗ್ರಿಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ನೀವು ನನ್ನ ಜೊತೆ ಕಾರುಗಳ ಹಿಂದಕ್ಕೆ ಬನ್ನಿ. ಇಲ್ಲಿ ಯಾರೂ ನಿಂತಿಲ್ಲ. ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಇದೆ, ಅದರ ಹಿಂದಿನ ಗಾಜು ಮೊಟ್ಟೆಯಾಕಾರದ ಒಂದೇ ತುಂಡು. 1953ರ ಮಾರ್ಚ್‌ವರೆಗೆ ಬೀಟಲ್‌ಗೆ ನಡುವೆ ಕಂಬಿ ಇದ್ದ ಎರಡು ಪುಟ್ಟ ಗಾಜುಗಳಿದ್ದವು. ಆ ಕಂಬಿ ತೆಗೆದಾಗ ಹುಟ್ಟಿದ್ದು ಈ ಮೊಟ್ಟೆ. ಅದರ ಆಚೆ ಒಂದು ಫಿಯೆಟ್ 1100, ಅದರಾಚೆ ಉದ್ದನೆಯ ಡಿಕ್ಕಿಯ ಕಾಂಟೆಸ್ಸಾ. ಎಲ್ಲಕ್ಕಿಂತ ಕೊನೆಗೆ, ಮಂಡಿಯೆತ್ತರದ ಬಾಗಿಲಿನ ಎರಡು ಸೀಟಿನ ಎಂಜಿ ಟಿಸಿ, ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾಗತೊಡಗಿದ ಮಾದರಿ. ಚಳಿಗೆ ಕ್ಯಾನ್ವಾಸಿನ ಹುಡ್ ಎತ್ತಿ ಕಟ್ಟಿದ್ದಾರೆ. ಹುಡ್‌ನ ಬೆನ್ನಿಗೆ ಒಂದು ಕಿಂಡಿ. ಅದರ ಮೇಲೂ ಇಬ್ಬನಿ.

ತಿಂಡಿ ಮುಗಿಸಿ ಬಂದ ಯಜಮಾನರು ಸೀಟಿನೊಳಗೆ ಇಳಿದು ಕೂತರು. ಕುತ್ತಿಗೆ ತಿರುಗಿಸಿದರು, ಕಿಂಡಿಯಲ್ಲಿ ಬಿಳುಪು ಬಿಟ್ಟರೆ ಏನೂ ಇಲ್ಲ. ಪಕ್ಕಕ್ಕೆ ವಾಲಿ ಬಾಗಿಲ ಮೇಲಿನಿಂದ ತಲೆ ಹೊರಗೆ ಹಾಕಿದರು. ಅಷ್ಟರಲ್ಲಿ ಟೇಬಲ್ ಒರೆಸುವ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು ಹೋಟೆಲಿನ ಹುಡುಗ ಓಡಿ ಬಂದ. "ಬನ್ನಿ ಸಾರ್, ಬನ್ನಿ... ಬಲಕ್ ಕಟ್ ಮಾಡಿ... ಬರ್ಲಿ, ಬರ್ಲಿ... ಟ್ರ್ಯಾಕ್ಟ್ರು ಬತ್ತದೆ, ತಡೀರಿ... ಈಗ್ ಬನ್ನಿ... ಸಾಕ್ ಸಾಕ್ ಸಾಕ್!" ಕೊನೆಯ ಸಾಕಿಗೆ ಹಿಂದಿನ ಸ್ಟೆಪ್ನಿಯ ಮೇಲೆ ಅಂಗೈಯಿಂದ ಎರಡು ಪೆಟ್ಟು. ಯಜಮಾನರಿಗೆ ಹುಡುಗ ಕಾಣಲೇ ಇಲ್ಲ, ಅವನ ದನಿ ಹಿಡಿದು ಅವರು ಗಾಡಿ ತಿರುಗಿಸಿದರು. ತಡೀರಿ ಅಂದ ಕ್ಷಣದಲ್ಲಿ ಹಾದುಹೋದ ಕಬ್ಬಿನ ಟ್ರ್ಯಾಕ್ಟರ್‌ನ ಡ್ರೈವರಿಗೂ ಹಿಂದೆ ಕಾಣುವುದು ಕಬ್ಬು ಮಾತ್ರ. ಅವನ ಟ್ರೇಲರಿನ ತುದಿಯಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿತ್ತು.

ಕಾರಿಗೆ ಕನ್ನಡಿ ಬಂದ ಕತೆಯಲ್ಲೂ ಹೀಗೊಬ್ಬ ಸಹಾಯಕ ಇದ್ದಾನೆ. 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಬಾರಿಗೆ 500 ಮೈಲಿಯ ಓಟ ನಡೆದಾಗ, ಪಂದ್ಯದ ಕಾರುಗಳಲ್ಲಿ ಡ್ರೈವರಿನ ಪಕ್ಕ ಮೆಕ್ಯಾನಿಕ್ ಒಬ್ಬ ಕೂರುತ್ತಿದ್ದ. ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಿ ಹೇಳುವುದು ಅವನ ಕೆಲಸಗಳಲ್ಲಿ ಒಂದು. ರೇ ಹ್ಯಾರೂನ್ ಮಾತ್ರ ಒಂದೇ ಸೀಟಿನ ಹಳದಿ ಮಾರ್ಮನ್ ಕಾರಿನಲ್ಲಿ ಒಬ್ಬನೇ ಬಂದ. ಹಿಂದೆ ನೋಡುವವರಿಲ್ಲದೆ ಓಡಿಸುವುದು ಅಪಾಯ ಎಂದು ಉಳಿದವರು ತಕರಾರು ತೆಗೆದರು. ಅವನು ಕಣ್ಣೆದುರಿಗೆ ನಾಲ್ಕು ಸರಳು ನಿಲ್ಲಿಸಿ ಒಂದು ಕನ್ನಡಿ ಕೂರಿಸಿಕೊಂಡ, ಪಂದ್ಯವನ್ನೂ ಗೆದ್ದ. ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿ ಎಷ್ಟು ನಡುಗಿತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಮುಂದೆ ಅವನೇ ಹೇಳಿಕೊಂಡ. ಅದಕ್ಕೂ ಎರಡು ವರ್ಷ ಮೊದಲು, 1909ರಲ್ಲಿ, ಇಂಗ್ಲೆಂಡಿನ ಓಟಗಾರ್ತಿ ಡೊರೋಥಿ ಲೆವಿಟ್ ಹೆಂಗಸರಿಗಾಗಿ ಬರೆದ ಕಾರು ಪುಸ್ತಕದಲ್ಲಿ ಒಂದು ಕೈಗನ್ನಡಿ ಇಟ್ಟುಕೊಳ್ಳಿ, ಆಗಾಗ ಎತ್ತಿ ಹಿಡಿದು ಬೆನ್ನ ಹಿಂದಿನ ರಸ್ತೆ ನೋಡಿ ಎಂದಿದ್ದಳು. ಕೈಗನ್ನಡಿ ಹಿಡಿದ ಹೆಣ್ಣು ಈ ಜಿಲ್ಲೆಗೆ ಹೊಸಬಳಲ್ಲ. ಬೇಲೂರಿನ ದೇಗುಲದ ದರ್ಪಣ ಸುಂದರಿಯ ಮುಂದೆ ದಿನವೂ ಬಸ್ಸುಗಟ್ಟಲೆ ಜನ ತಲೆಯೆತ್ತಿ ನಿಲ್ಲುತ್ತಾರೆ. ಆ ಕನ್ನಡಿಯಲ್ಲಿ ಅವಳ ಮುಖದ ಜೊತೆಗೆ ಅವಳ ಬೆನ್ನ ಹಿಂದಿನ ಲೋಕವೂ ಬೀಳುತ್ತಿರಬೇಕಲ್ಲ ಎಂದು ನನಗೆ ಅನ್ನಿಸಿದ್ದು ಲೆವಿಟ್‌ಳ ಮಾತು ತಿಳಿದ ಮೇಲೆ.

ಹಾಸನ ತಲುಪುವಷ್ಟರಲ್ಲಿ ಬಿಸಿಲು ಬಂದಿತ್ತು. ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಟಿಂಕರಿಂಗ್‌ನವರು, ಪೇಂಟಿನವರು, ರೇಡಿಯೇಟರಿನವರು ಒತ್ತೊತ್ತಾಗಿರುವ ಒಂದು ಓಣಿ. ತಗಡಿನ ಮೇಲೆ ಸುತ್ತಿಗೆಯ ಟಣ ಟಣ, ಪುಟ್ಟಿ ಉಜ್ಜುವ ಕಾಗದದ ಸರಸರ, ತಿನ್ನರಿನ ಮೂಗು ಚುಚ್ಚುವ ವಾಸನೆ. ಕೊನೆಯ ಶೆಡ್ಡಿನಲ್ಲಿ ಗಾಜು ಕೂರಿಸುವವರು ಇದ್ದಾರೆ. ಗೋಡೆಗೆ ಒರಗಿಸಿಟ್ಟ ಗಾಜುಗಳ ನಡುವೆ ಹಳೆಯ ಹಾಸಿಗೆಯ ಹತ್ತಿ, ಗೋಣಿಚೀಲ. ಈ ಶೆಡ್ಡಿನಲ್ಲಿ ಯಾರೂ ಗಟ್ಟಿಯಾಗಿ ಹೆಜ್ಜೆ ಇಡುವುದಿಲ್ಲ.

ಇವತ್ತು ಇಲ್ಲಿ ನಿಂತಿರುವುದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಫಿ ತೋಟದ ಮನೆಯೊಂದರದು. ಮಳೆಗಾಲದಲ್ಲಿ ಹಿಂದಿನ ಗಾಜಿನ ಸುತ್ತಿನಿಂದ ನೀರು ಜಿನುಗಿ ಡಿಕ್ಕಿಯ ತಳ ತುಕ್ಕು ಹಿಡಿದಿದೆ. ಒಣಗಿ ಬಿರುಕು ಬಿಟ್ಟ ಹಳೆಯ ರಬ್ಬರ್ ಬೀಡಿಂಗನ್ನು ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿ, ಗಾಜನ್ನು ನಿನ್ನೆಯೇ ಬಿಡಿಸಿಟ್ಟಿದ್ದಾರೆ. ಹೊಸ ಬೀಡಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದಿದೆ. ಹಿರಿಯ ಕೆಲಸಗಾರರು ಗಾಜನ್ನು ಮಗ್ಗುಲಾಗಿ ಹಾಸಿಗೆಯ ಮೇಲಿಟ್ಟು ಅದರ ಅಂಚಿಗೆ ರಬ್ಬರು ತೊಡಿಸಿದರು. ರಬ್ಬರಿನ ಹೊರ ಸೀಳಿನೊಳಗೆ ಸುತ್ತಲೂ ಒಂದು ಗಟ್ಟಿ ದಾರ ಕೂರಿಸಿ, ಎರಡೂ ತುದಿಗಳನ್ನು ಕೆಳಗೆ ನಡುಮಧ್ಯದಲ್ಲಿ ಇಳಿಬಿಟ್ಟರು. "ಲೇ ಮಗಾ, ಸೋಪ್ ನೀರ್ ತತ್ತಾ." ಹುಡುಗ ಮಗ್ಗಿನಲ್ಲಿ ಸೋಪಿನ ನೀರು ತಂದು ಅಂಚಿನುದ್ದಕ್ಕೂ ಬಳಿದ. ಇಬ್ಬರೂ ಸೇರಿ ಗಾಜನ್ನು ಎತ್ತಿ ಕಾರಿನ ಬೆನ್ನಿಗೆ ಆನಿಸಿದರು. ಹಿರಿಯರು ಒಳಗೆ ಹೋಗಿ ಹಿಂದಿನ ಸೀಟಿನ ಮೇಲೆ ಮಂಡಿಯೂರಿ ದಾರದ ತುದಿ ಹಿಡಿದರು. ಹುಡುಗ ಹೊರಗಿನಿಂದ ಅಂಗೈ ಅಗಲಿಸಿ ಒತ್ತುತ್ತಾ ಹೋದ. ದಾರ ಎಳೆದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಹಾರಿ ಒಳಗಡೆಗೆ ಮಡಚಿಕೊಳ್ಳುತ್ತದೆ, ಪ್ಚಕ್, ಪ್ಚಕ್ ಎಂದು ಸೋಪಿನ ನೊರೆ ಚಿಮ್ಮುತ್ತದೆ. "ಮೂಲೆಗೆ ಬಂತು, ಅಲ್ಲಿ ಗುದ್ದ್‌ಬ್ಯಾಡ. ಅಂಗೈಲಿ ಒತ್ತು. ಇನ್ನೊಂಚೂರು... ಆಯ್ತು." ದಾರ ಪೂರ್ತಿ ಹೊರಬಂದಾಗ ಗಾಜು ತನ್ನ ಮನೆಯಲ್ಲಿ ಕೂತಿತ್ತು.

ಆ ಎಚ್ಚರಕ್ಕೆ ಕಾರಣವಿದೆ. ಕಾರಿನ ಹಿಂದಿನ ಗಾಜು ಸಾಮಾನ್ಯವಾಗಿ ಟಫನ್ಡ್ ಗಾಜು. ಮೊದಲು ಅಳತೆಗೆ ಕತ್ತರಿಸಿ, 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಬಾಗಿಸಿ, ಥಟ್ಟನೆ ಗಾಳಿ ಬೀಸಿ ಆರಿಸುತ್ತಾರೆ. ಹೊರಮೈ ಬಿಗಿದುಕೊಳ್ಳುತ್ತದೆ, ಒಳಗೆ ಎಳೆತ ಉಳಿಯುತ್ತದೆ. ಆಮೇಲೆ ಅದನ್ನು ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ. ಅಂಚಿಗೆ ಪೆಟ್ಟು ಬಿದ್ದರೆ ಇಡೀ ಗಾಜು ಒಂದೇ ಸಲಕ್ಕೆ ಕಾಳು ಕಾಳಾಗಿ ಉದುರುತ್ತದೆ. ಮುಂದಿನ ಲ್ಯಾಮಿನೇಟೆಡ್ ಗಾಜು ಹಾಗಲ್ಲ, ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಹಾಳೆ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾದರಿ ನಿಂತುಹೋಗಿ ಐವತ್ತು ವರ್ಷ ದಾಟಿದ ಕಾರಿಗೆ ಬಾಗಿದ ಹಿಂದಿನ ಗಾಜು ಒಡೆದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಅಕ್ರಿಲಿಕ್ ಹಾಳೆ ಕಾಯಿಸಿ ಅಚ್ಚಿನ ಮೇಲೆ ಬಾಗಿಸಿ ಹಾಕಬಹುದು. ಒರೆಸಿ ಒರೆಸಿ ಕೆಲವೇ ತಿಂಗಳಲ್ಲಿ ಅದಕ್ಕೆ ಗೀರು ಬಿದ್ದು, ರಾತ್ರಿ ಹಿಂದಿನ ಲಾರಿಯ ದೀಪ ಆ ಗೀರುಗಳಲ್ಲೆಲ್ಲ ಒಡೆದು ಹರಡುತ್ತದೆ. ಹೆರಾಲ್ಡ್‌ನ ಗಾಜಿಗೆ ಹುಡುಗ ಒತ್ತಿದ ಅಂಗೈಯಲ್ಲಿ ಇಷ್ಟೆಲ್ಲ ತಿಳಿವಳಿಕೆ ಇತ್ತು.

ಕೂರಿಸಿದ ಮೇಲೆ ನಾನೂ ಒಳಗೆ ಕೂತು ಹಿಂದೆ ನೋಡಿದೆ. ಓಣಿಯ ಎರಡೂ ಬದಿ, ಗೇಟಿನಾಚೆಯ ಬೇವಿನ ಮರ, ಅದರ ಕೆಳಗೆ ಮಲಗಿದ ನಾಯಿ ಎಲ್ಲ ಒಂದೇ ನೋಟಕ್ಕೆ ಬಂದವು. ಛಾವಣಿ ಹೊತ್ತ ಕಂಬಗಳು ಅಷ್ಟು ತೆಳು, ಗಾಜು ಅಷ್ಟು ಅಗಲ. ಇಟಲಿಯ ಜೊವಾನಿ ಮಿಕೆಲೋತ್ತಿ ಗೀಚಿದ ಈ ಕಾರನ್ನು ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ನಮ್ಮಲ್ಲಿ ತಯಾರಿಸಿತು. ಅದೇ ಚಾಸಿಯನ್ನು ಮೊಟಕು ಮಾಡಿ, ಅದೇ ಮಿಕೆಲೋತ್ತಿಯ ಕೈಯಲ್ಲಿ ಇಂಗ್ಲೆಂಡಿನಲ್ಲಿ 1962ರಲ್ಲಿ ಹೊರಬಂದ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್. ಆಮದು ಸುಂಕ ಕಟ್ಟಿ ಸ್ಪೋರ್ಟ್ಸ್ ಕಾರು ತರಿಸಲಾಗದ ಕಾಲದಲ್ಲಿ ನಮ್ಮ ಊರುಗಳಿಗೆ ಆ ವಂಶದಿಂದ ಬಂದ ಹತ್ತಿರದ ನೆಂಟ ಈ ಹೆರಾಲ್ಡೇ. ಬೆಂಗಳೂರಿನ ಸಿಪಾನಿಯವರು 80ರ ದಶಕದ ಮೊದಲಲ್ಲಿ ತಂದ ಫೈಬರ್ ಗ್ಲಾಸ್ ಮೈಯ ಡಾಲ್ಫಿನ್ ಕೂಡ ಹಗುರ ಮೈಯ ಕಾರಣಕ್ಕೆ ರ‍್ಯಾಲಿಗಳಲ್ಲಿ, ಶೋಳಾವರಂ ಓಟಗಳಲ್ಲಿ ಹೆಸರು ಮಾಡಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ, ಎಂಜಿನ್ 848 ಸಿಸಿಯದು. ಮಾರುತಿ 800 ಬಂದ ಮೇಲೆ ಅದು ಉಳಿಯಲಿಲ್ಲ.

ಶೆಡ್ಡಿನ ಗೋಡೆಯ ಮೇಲೆ, ದೇವರ ಕ್ಯಾಲೆಂಡರಿನ ಪಕ್ಕ, ಬಣ್ಣ ಮಾಸಿದ ಒಂದು ಪೋಸ್ಟರ್ ಇದೆ. ಬಾಗಿಲುಗಳು ಮೇಲಕ್ಕೆ ಎದ್ದು ನಿಂತ ಒಂದು ಕೆಂಪು ಕಾರು, ಲ್ಯಾಂಬೊರ್ಗಿನಿ ಕೌಂಟಾಶ್. ಇಂಥ ಪೋಸ್ಟರ್ 80ರ ದಶಕದಲ್ಲಿ ಎಷ್ಟು ಗ್ಯಾರೇಜುಗಳಲ್ಲಿತ್ತೋ, ಎಷ್ಟು ಹಾಸ್ಟೆಲ್ ರೂಮುಗಳಲ್ಲಿತ್ತೋ! ಹಿರಿಯರು ಕೈ ಒರೆಸಿಕೊಳ್ಳುತ್ತಾ ಅದರ ಕಡೆ ತೋರಿಸಿ ಕೇಳಿದರು: "ಇದ್ರ ಹಿಂದಿನ ಗ್ಲಾಸ್ ಎಲ್ಲೈತೆ ಸಾರ್? ಅಪ್ಪನ ಕಾಲದಿಂದ ನೋಡ್ತಾ ಇವ್ನಿ, ಗೊತ್ತಾಗಿಲ್ಲ."

ಗಾಜು ಇದೆ, ಇದ್ದೂ ಇಲ್ಲ. ಎಂಜಿನ್ ಸೀಟಿನ ಬೆನ್ನಿಗೆ ಬಂದಿದೆ. ಅದರ ಮೇಲೆ ಗಾಳಿ ಹೀರುವ ಬಾಯಿಗಳು, ತಗಡಿನ ಮುಚ್ಚಳ. ಇಷ್ಟರ ನಡುವೆ ಉಳಿದದ್ದು ಒಂದು ಸೀಳು. ಮಾರ್ಚೆಲ್ಲೊ ಗಾಂದಿನಿ ಬರ್ತೋನೆ ಸಂಸ್ಥೆಯಲ್ಲಿದ್ದು ಇದನ್ನು ರೂಪಿಸಿದಾಗ ಹಿಂದೆ ಕಾಣುವುದಿಲ್ಲವೆಂಬುದು ಅವನಿಗೇ ಗೊತ್ತಿತ್ತು. 1971ರ ಮೊದಲ ನಮೂನೆಯಲ್ಲಿ ಸಬ್‌ಮರೀನಿನ ಹಾಗೆ ಪೆರಿಸ್ಕೋಪ್ ಒಂದನ್ನು ಛಾವಣಿಯಲ್ಲಿ ಯೋಚಿಸಿದ್ದರು. 1974ರಿಂದ ಮಾರಾಟವಾದ ಮೊದಲ ಕೌಂಟಾಶ್‌ಗಳ ಛಾವಣಿಯ ನಡುವೆ ಅದಕ್ಕಾಗಿ ತೆಗೆದ ಕಾಲುವೆಯೂ ಚಿಕ್ಕ ಕಿಟಕಿಯೂ ಉಳಿದವು, ಕನ್ನಡಿ ಮಾತ್ರ ಮಾಮೂಲಿಯದು. ಆ ಕಾಲುವೆ ಹೊತ್ತ ಕಾರುಗಳಿಗೆ ಪೆರಿಸ್ಕೋಪಿಯೊ ಎಂದೇ ಹೆಸರು ಬಿತ್ತು. ಹಿಂದಕ್ಕೆ ತೆಗೆಯಬೇಕಾದಾಗ ಆ ಕಾರಿನವರು ಮಾಡುತ್ತಿದ್ದುದು ಇದು: ಬಾಗಿಲು ಮೇಲಕ್ಕೆತ್ತಿ, ಸೀಟು ಬಿಟ್ಟು ಅಂಚಿನ ಪಟ್ಟಿಯ ಮೇಲೆ ಕೂತು, ಮೈಯನ್ನು ಅರ್ಧ ಹೊರಗೆ ಚಾಚಿ, ತಿರುಗಿ ನೋಡುತ್ತಾ, ಒಂದು ಕೈ ಸ್ಟಿಯರಿಂಗಿಗೆ, ಕಾಲು ಪೆಡಲಿಗೆ. ಬಾಗಿಲು ಮೇಲಕ್ಕೆ ತೆರೆಯುವಂತೆ ಮಾಡಿದ್ದರ ಹಿಂದೆ ಈ ಉದ್ದೇಶವೂ ಇತ್ತು. ಪೋಸ್ಟರಿನಲ್ಲಿ ರೆಕ್ಕೆ ಎಂದು ನಾವೆಲ್ಲ ಬೆರಗುಪಟ್ಟದ್ದು ಹಿಂದೆ ನೋಡಲು ಬೇಕಾದ ದಾರಿ. ಹೇಳಿದಾಗ ಹಿರಿಯರು ಪೋಸ್ಟರಿನ ಹತ್ತಿರ ಹೋಗಿ ಬಾಗಿಲಿನ ಕೆಳಗಿನ ಪಟ್ಟಿಯ ಅಗಲವನ್ನು ಬೆರಳಿಟ್ಟು ನೋಡಿದರು. "ಕೂರ್ಬೋದು," ಎಂದರು.

ಓರೆ ಗಾಜಿನ ತೊಂದರೆಯನ್ನು ಅವರು ಟೇಪಿನಲ್ಲೇ ತೋರಿಸಿದರು. ಗೋಡೆಯ ಮುಂದೆ 60 ಸೆಂಟಿಮೀಟರ್ ಉದ್ದದ ಒಂದು ಗಾಜಿನ ಪಟ್ಟಿ ನೆಟ್ಟಗೆ ನಿಲ್ಲಿಸಿದರೆ ಕಣ್ಣಿಗೆ ಅಷ್ಟೂ ಎತ್ತರ ಸಿಗುತ್ತದೆ. ಅದನ್ನೇ ಹಿಂದಕ್ಕೆ ಒರಗಿಸುತ್ತಾ ನೆಲದಿಂದ 20 ಡಿಗ್ರಿಗೆ ಮಲಗಿಸಿದರೆ ಸಿಗುವ ಎತ್ತರ 20 ಸೆಂಟಿಮೀಟರ್ ಚಿಲ್ಲರೆ. ಗಾಜು ಅಷ್ಟೇ, ತೂಕ ಅಷ್ಟೇ, ನೋಟ ಮೂರರಲ್ಲಿ ಒಂದು ಪಾಲು. ಮಲಗಿದ ಗಾಜಿನ ಮೇಲೆ ಧೂಳು ಕೂರುತ್ತದೆ, ಇಬ್ಬನಿ ನಿಲ್ಲುತ್ತದೆ, ಬಿಸಿಲು ನೇರ ಒಳಗೆ ಬೀಳುತ್ತದೆ. ಆದರೂ ಮಲಗಿಸುತ್ತಾರೆ, ಯಾಕೆಂದರೆ ಛಾವಣಿ ದಾಟಿದ ಗಾಳಿ ಒಮ್ಮೆಲೇ ಕಡಿದು ಬೀಳದೆ ಇಳಿಜಾರಿನ ಮೇಲೆ ಅಂಟಿಕೊಂಡು ಹೋದರೆ ಹಿಂದಿನಿಂದ ಎಳೆಯುವ ಸುಳಿ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಇದು ಒಪ್ಪತಕ್ಕ ಕಾರಣ. ಒಪ್ಪಲಾಗದ ಕಾರಣಗಳೂ ಇವೆ.

1963ರ ಶೆವ್ರೊಲೆ ಕೊರ್ವೆಟ್ ಸ್ಟಿಂಗ್ ರೇ ಅಂಥ ಒಂದು. ಛಾವಣಿಯಿಂದ ಬಾಲದವರೆಗೆ ಒಂದು ಬೆನ್ನೆಲುಬು ಹರಿಯಬೇಕು, ಅದು ಹಿಂದಿನ ಗಾಜನ್ನು ಸೀಳಿಕೊಂಡೇ ಹೋಗಬೇಕು ಎಂದು ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಬಿಲ್ ಮಿಚೆಲ್ ಹಟ ಹಿಡಿದ. ಎಂಜಿನಿಯರ್ ಝೋರಾ ಆರ್ಕುಸ್-ಡುಂಟೊವ್ ಒಪ್ಪಲಿಲ್ಲ. ಅವನು ಓಟದ ದಾರಿಯಲ್ಲಿ ಓಡಿಸಿದವನು, ಕನ್ನಡಿ ನೋಡಿದರೆ ನಟ್ಟನಡುವೆ ಕಂಬಿ ಕಾಣುವುದೆಂದರೆ ಏನೆಂದು ಬಲ್ಲವನು. ಮೊದಲ ವರ್ಷ ಮಿಚೆಲ್ ಗೆದ್ದ, 10,594 ಕೂಪೆಗಳು ಸೀಳು ಗಾಜಿನೊಡನೆ ಹೊರಬಂದವು. 1964ಕ್ಕೆ ಕಂಬಿ ಹೋಯಿತು. ಹೊಸ ಒಂಟಿ ಗಾಜು ಕಂಡ ಕೆಲವು ಮಾಲೀಕರು ತಮ್ಮ 63ರ ಕಾರಿನ ಕಂಬಿಯನ್ನೂ ಕೊಯ್ದು ತೆಗೆಸಿಕೊಂಡರು. ಇವತ್ತು ಹರಾಜಿನಲ್ಲಿ ಹೆಚ್ಚು ಬೆಲೆ ಬರುವುದು ಕಂಬಿ ಉಳಿಸಿಕೊಂಡ ಕಾರಿಗೇ. ಸಂಗ್ರಹಕಾರರ ಲೆಕ್ಕ ಬೇರೆ. ದಾರಿಯ ಮೇಲಿರುವವನ ಪರವಾಗಿ ಮಾತಾಡಿದವನು ಡುಂಟೊವ್, ನಾನು ಅವನ ಕಡೆ.

ಚೆಲುವಿಗೂ ನೋಟಕ್ಕೂ ಹೊಂದಿಕೆಯಾಗದು ಎಂಬ ಮಾತನ್ನು ನಾನು ನಂಬುವುದಿಲ್ಲ, ಡೀನೊ ಕಂಡ ಮೇಲಂತೂ ಇಲ್ಲ. ಎಂಜೊ ಫೆರಾರಿ ಅಕಾಲದಲ್ಲಿ ತೀರಿಕೊಂಡ ಮಗನ ಹೆಸರಿಟ್ಟು 60ರ ದಶಕದ ಕೊನೆಯಲ್ಲಿ ತಂದ ಕಾರು ಅದು. ಎಂಜಿನ್ ಅಲ್ಲೂ ಸೀಟಿನ ಬೆನ್ನಿಗೇ ಇದೆ. ಪಿನಿನ್‌ಫರಿನಾದವರು ಛಾವಣಿಯ ಎರಡೂ ಅಂಚುಗಳನ್ನು ಹಿಂದಕ್ಕೆ ಉದ್ದವಾಗಿ ಇಳಿಜಾರು ಬಿಟ್ಟರು. ಗಾಜನ್ನು ಮಾತ್ರ ಮಲಗಿಸದೆ, ಆ ಎರಡು ಇಳಿಜಾರುಗಳ ನಡುವೆ, ಸೀಟಿನ ಹಿಂದೆ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿದರು. ನೆಟ್ಟಗೆ ನಿಲ್ಲಿಸಿ ಒಳಮುಖವಾಗಿ ಬಾಗಿಸಿದರು, ಗಾಜಿನ ಎರಡು ತುದಿಗಳು ಹಿಂದಕ್ಕೆ ಹೋಗಿ ಇಳಿಜಾರಿಗೆ ಕೂಡಿಕೊಂಡವು. ಪಕ್ಕದಿಂದ ನೋಡಿದರೆ ಹರಿಯುವ ಗೆರೆ, ಒಳಗಿನಿಂದ ನೋಡಿದರೆ ರಸ್ತೆ. ಮಾಸೆರಾಟಿ ಖಾಮ್ಸಿನ್ ಇನ್ನೊಂದು ದಾರಿ ಹಿಡಿಯಿತು. ಗಾಂದಿನಿಯೇ ರೂಪಿಸಿದ ಆ ಕಾರಿನ ಬಾಲದ ನೆಟ್ಟಗಿನ ಹಲಗೆಯೇ ಗಾಜು, ಹಿಂದಿನ ದೀಪಗಳು ಆ ಗಾಜಿನೊಳಗೇ ನಿಂತಿವೆ. ಕೌಂಟಾಶ್ ಬರೆದ ಕೈಯೇ ಇದನ್ನೂ ಬರೆಯಿತು ಎಂಬುದು ನನಗೆ ಬಹಳ ಹಿತ ಕೊಡುವ ಸಂಗತಿ. ಇನ್ನು 1984ರ ಫೆರಾರಿ ಟೆಸ್ಟರೊಸ್ಸಾದ ಸೊಂಟ ಎಷ್ಟು ಅಗಲವೆಂದರೆ ಅದರಾಚೆ ನೋಡಲು ಮೊದಮೊದಲ ಕಾರುಗಳಲ್ಲಿ ಡ್ರೈವರಿನ ಬದಿಯ ಒಂದೇ ಕನ್ನಡಿಯನ್ನು ಮುಂಗಾಜಿನ ಕಂಬದ ಅರ್ಧ ಎತ್ತರಕ್ಕೆ ಏರಿಸಿ ಕೂರಿಸಬೇಕಾಯಿತು.

ಓಣಿಯ ಬಾಯಲ್ಲಿ ಇನ್ನೊಬ್ಬ ಹುಡುಗ ಯಾವುದೋ ಹಳೆಯ ಕಾಂಟೆಸ್ಸಾದ ಹಿಂದಿನ ಗಾಜಿನಿಂದ ಕರಿ ಫಿಲ್ಮು ಕೆರೆಯುತ್ತಿದ್ದ, ಬ್ಲೇಡಿನ ತುದಿಯಲ್ಲಿ ಅದು ಸುರುಳಿ ಸುರುಳಿಯಾಗಿ ಬರುತ್ತಿತ್ತು. ನಮ್ಮ ಮೋಟಾರು ವಾಹನ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗಾಜಿಗೆ ಫಿಲ್ಮು ಅಂಟಿಸುವುದನ್ನೇ ಬೇಡವೆಂದಿತು. 2019ರ ಜುಲೈನಿಂದ ಹೊಸ ಕಾರುಗಳಿಗೆ ಹಿಂದಕ್ಕೆ ಬರುವಾಗ ಕೂಗುವ ಸೆನ್ಸರ್ ಕಡ್ಡಾಯವಾಯಿತು. ಹಳೆಯ ಕಾರಿಗೆ ಕೂಗಲು ಇನ್ನೂ ಮನುಷ್ಯನೇ ಬೇಕು.

ಹಾಸನದಿಂದ ಅರಕಲಗೂಡಿಗೆ ಹೋಗುವಾಗ ರಸ್ತೆಯ ಮೇಲೆ ಒಕ್ಕಣೆ ನಡೆದಿತ್ತು. ಅರ್ಧ ರಸ್ತೆಗೆ ರಾಗಿಯ ಹುಲ್ಲು, ಇನ್ನರ್ಧಕ್ಕೆ ಹುರುಳಿ. ಬಸ್ಸು ಹಾದಾಗ ಕಾಳು ಸಿಡಿಯುತ್ತದೆ, ಹಾದ ಮರುಗಳಿಗೆಯಲ್ಲಿ ಹೆಂಗಸರು ಕವೆಗೋಲು ಹಿಡಿದು ನುಗ್ಗಿ ಹುಲ್ಲು ತಿರುವಿ ಹಾಕುತ್ತಾರೆ. ಹಿಂದೆ ಇನ್ನೊಂದು ಗಾಡಿ ಬರುವಷ್ಟರಲ್ಲಿ ಬದಿಗೆ ಸರಿಯಬೇಕು. ನೆಲಕ್ಕೆ ಅಂಟಿಕೊಂಡು ಓಡುವ ಸ್ಪೋರ್ಟ್ಸ್ ಕಾರಿಗೆ ಈ ದಾರಿ ಕಷ್ಟ. ಹುಲ್ಲು ತಳಕ್ಕೆ ಸಿಕ್ಕಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುವ ಭಯ. ಅದಕ್ಕಿಂತ ಹೆಚ್ಚಿನದು, ಸಿಕ್ಕಿಕೊಂಡಿತೆಂದು ಎರಡು ಮಾರು ಹಿಂದಕ್ಕೆ ತೆಗೆದರೆ ಆ ಹೊತ್ತಿಗಾಗಲೇ ಬೆನ್ನ ಹಿಂದೆ ಬಗ್ಗಿ ನಿಂತಿರುವ ಹೆಂಗಸು ಡ್ರೈವರಿಗೆ ಕಾಣುವುದೇ ಇಲ್ಲ. ಜರ್ಮನಿಯ ಆಟೊಬಾನಿನ ವೇಗಕ್ಕೆ ಬರೆದ ಗೆರೆಯಲ್ಲಿ ಬಗ್ಗಿ ನಿಂತವರ ಲೆಕ್ಕ ಇರಲಿಲ್ಲ. ಎಡಗಡೆಯ ಕನ್ನಡಿಯ ಮಾತೂ ಹೀಗೇ. ನಮ್ಮ ಹಳೆಯ ಕಾರುಗಳಲ್ಲಿ ಎಷ್ಟೋ ವರ್ಷ ಅದು ಇರಲೇ ಇಲ್ಲ. ಆದರೆ ಈ ರಸ್ತೆಗಳಲ್ಲಿ ಮೊಪೆಡ್ಡಿನವನು ಹಾಲಿನ ಕ್ಯಾನು ಕಟ್ಟಿಕೊಂಡು ಎಡಗಡೆಯಿಂದಲೇ ನುಸುಳುತ್ತಾನೆ.

ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊರಟ ಹೊಗೆಸೊಪ್ಪಿನ ಬೇಲುಗಳು ಟೆಂಪೋದಲ್ಲಿ ಹಾದುಹೋದವು, ಗೋಣಿಯೊಳಗಿಂದ ಬೇಯಿಸಿದ ಎಲೆಯ ಸಿಹಿಗಾರ ವಾಸನೆ ಬಹಳ ಹೊತ್ತು ರಸ್ತೆಯ ಮೇಲೆ ನಿಂತಿತ್ತು. ಅರಕಲಗೂಡಿನ ಸರ್ಕಲ್ಲಿನಲ್ಲಿ ಶುಂಠಿ ಕೀಳುವ ಆಳುಗಳನ್ನು ಇಳಿಸಿ ಟೀ ಕುಡಿಯುತ್ತಿದ್ದ ಜೀಪಿನ ಹಿರಿಯ ಡ್ರೈವರು ಗಾಜಿನ ವಿಷಯಕ್ಕೆ ತಮ್ಮದೊಂದು ಮಾತು ಸೇರಿಸಿದರು. ವೈಪರ್ ಕೆಟ್ಟ ಮಳೆಯಲ್ಲಿ ಗಾಜಿಗೆ ಹೊಗೆಸೊಪ್ಪನ್ನೋ ಕೊಯ್ದ ಆಲೂಗಡ್ಡೆಯನ್ನೋ ಉಜ್ಜಿದರೆ ನೀರು ಹನಿಗಟ್ಟದೆ ಹಾಳೆಯಾಗಿ ಇಳಿಯುತ್ತದಂತೆ. ಎರಡೂ ಈ ತಾಲ್ಲೂಕಿನ ಹೊಲದಲ್ಲೇ ಸಿಗುತ್ತವೆ. ಅವರ ಜೀಪಿನ ಹಿಂದಿನ ಟಾರ್ಪಾಲು ಸುರುಳಿ ಸುತ್ತಿ ಮೇಲೆ ಕಟ್ಟಿತ್ತು. "ಪರದೆ ಇಳಿಬಿಟ್ರೆ ಜನಕ್ಕೆ ಬೆಚ್ಚಗೆ, ನಂಗೆ ಕುರುಡು. ಅದ್ಕೆ ಚಳಿ ಅಂದ್ರೂ ಬಿಡಾಕಿಲ್ಲ ನಾನು," ಎಂದರು.

ಹೊಳೆನರಸೀಪುರಕ್ಕೆ ಬಂದಾಗ ಸಂಜೆಯ ಬಿಸಿಲು ಹೇಮಾವತಿಯ ನೀರಿನ ಮೇಲಿತ್ತು. ಪೇಟೆಯ ಬೀದಿಯಲ್ಲಿ ಒಂದು ಕುಶನ್ ಅಂಗಡಿ. ಮುಂದೆ ಎರಡು ಆಟೋಗಳು ಬರಿಯ ಸರಳಿನ ಮೇಲೆ ನಿಂತಿವೆ, ಅವುಗಳ ಹುಡ್ ಒಳಗೆ ಹೊಲಿಗೆಯಲ್ಲಿದೆ. ರೆಕ್ಸಿನ್ನಿನ ಹೊಸ ವಾಸನೆ, ಸೊಲ್ಯೂಷನ್ನಿನ ಘಾಟು, ದಪ್ಪ ಸೂಜಿಯ ಮಿಷನ್ನು ಧಡ್ ಧಡ್ ಎಂದು ನಾಲ್ಕು ಪದರ ಚುಚ್ಚಿ ಸಾಗುವ ಸದ್ದು. ಕರಿ ರೆಕ್ಸಿನ್ನಿನ ನಡುವೆ ಆಯತಾಕಾರವಾಗಿ ಕತ್ತರಿಸಿ, ಅಲ್ಲಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಸುತ್ತ ಎರಡು ಸಾಲು ಹೊಲಿಗೆ ಹಾಕುತ್ತಾರೆ. ಆಟೋದ ಹಿಂದಿನ ಕಿಟಕಿ ಅದು. ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಬೇರೆ ಅಳತೆಯ ಒಂದು ಹುಡ್ ಮಡಚಿ ಇಟ್ಟಿದೆ, ತೋಟದ ಮನೆಯವರ ಎಂಜಿ ಬಿಯದು. 1962ರಲ್ಲಿ ಶುರುವಾದ ಆ ತೆರೆದ ಸ್ಪೋರ್ಟ್ಸ್ ಕಾರಿನ ಹುಡ್‌ಗೆ ಹಿಂದೆ ಮೂರು ಪ್ಲಾಸ್ಟಿಕ್ ಕಿಟಕಿಗಳು, ನಡುವೆ ಒಂದು, ಮೂಲೆಗೊಂದು. ಮೂರೂ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿ, ಮಡಚಿದ ಜಾಗದಲ್ಲಿ ಬಿರುಕು ಬಿಟ್ಟಿವೆ.

ಆ ಕಾರಿಗೂ ಈ ಆಟೋಗೂ ಬೆನ್ನಿನ ಕಿಟಕಿ ಒಂದೇ ಬಗೆಯದು. ಮಡಚಬೇಕಾದ ಛಾವಣಿಗೆ ಗಾಜು ಕೂರದು, ಪ್ಲಾಸ್ಟಿಕ್ ಹಾಳೆಯೇ ಬೇಕು. ಬಿಸಿಲು ಆ ಹಾಳೆಯನ್ನು ತಿನ್ನುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದ ಧೂಳು ಅದನ್ನು ಗೀರುತ್ತದೆ, ಚಳಿಯಲ್ಲಿ ಮಡಚಿದರೆ ಮುರಿಯುತ್ತದೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ಕ್ಕೂ ಇದೇ ಕತೆ. ಹುಡ್ ಇಳಿಸುವ ಮೊದಲು ಜಿಪ್ಪು ಬಿಚ್ಚಿ ಕಿಟಕಿಯನ್ನು ಚಪ್ಪಟೆ ಮಲಗಿಸಬೇಕಿತ್ತು. 1998ರ ಎರಡನೆಯ ಪೀಳಿಗೆಯಲ್ಲಿ ಅದಕ್ಕೆ ನಿಜವಾದ ಗಾಜು ಬಂತು. ಕುಶನ್ ಅಂಗಡಿಯವರಿಗೆ ಮಾಜ್ದಾ ಗೊತ್ತಿಲ್ಲ, ಹಾಳೆ ಗೊತ್ತು. ಅಗ್ಗದ್ದು, ದಪ್ಪದ್ದು ಎರಡನ್ನೂ ಬೆಳಕಿಗೆ ಹಿಡಿದು ತೋರಿಸಿದರು. ಅಗ್ಗದ್ದರ ಆಚೆಗಿನ ಬೀದಿ ಅಲೆಅಲೆಯಾಗಿ ಬಾಗಿತು. ದಪ್ಪದ್ದರಲ್ಲಿ ಎದುರು ಅಂಗಡಿಯ ಬೋರ್ಡಿನ ಅಕ್ಷರ ನೆಟ್ಟಗೆ ಓದಬಹುದಿತ್ತು.

ತೋಟದ ಮನೆಯ ಹುಡುಗ ಮೊಬೈಲಿನಲ್ಲಿ ಹಳೆಯ ಫೋಟೋ ತೆರೆದು ತೋರಿಸುತ್ತಿದ್ದ. "ಅಣ್ಣಾ, ಕಂಪನಿ ಅಳತೆ ಇಷ್ಟೇ ಇರೋದು. ಇದ್ಕಿಂತ ದೊಡ್ಡದು ಮಾಡಿದ್ರೆ ಹಳೇ ಗಾಡಿ ಲುಕ್ ಹೋಗುತ್ತೆ."

ಅಂಗಡಿಯವರು ಸೀಮೆಸುಣ್ಣ ತೆಗೆದು, ಬಿರುಕು ಬಿಟ್ಟ ನಡುಗಿಟಕಿಯ ಸುತ್ತ ಕಂಪನಿಯ ಅಳತೆಗೇ ಗೆರೆ ಎಳೆದರು. ಆಮೇಲೆ ಮೂಲೆಯ ಎರಡು ಕಿಟಕಿಗಳ ಹತ್ತಿರ ಕೈ ನಿಲ್ಲಿಸಿದರು. "ನಡುವಿಂದು ನಿಮ್ ಇಷ್ಟದಂಗೇ ಇರ್ಲಿ ಬುದ್ಧಿ. ಹಿಂದೆ ಬರೋ ಬಸ್ಸು ಅದ್ರಲ್ಲಿ ಕಾಣ್ತದೆ. ಆದ್ರೆ ಮಕ್ಳು, ದನ, ಸೈಕಲ್ಲು ಬರೋದು ಈ ಮೂಲೇಲಿ. ಇಲ್ಲಿ ದಪ್ಪ ಶೀಟೇ ಹಾಕ್ತೀನಿ, ಕಾಸು ನೋಡ್ಬ್ಯಾಡಿ. ಗುರುವಾರ ಬನ್ನಿ. ಹುಡ್ ಕಟ್ಟಿ, ಗಾಡೀಲಿ ಕೂತು, ನಾನು ಹಿಂದೆ ಎಲ್ಲಿ ನಿಂತ್ರೂ ಕಾಣ್ತೀನಾ ನೋಡಿ ಹೇಳಿ. ಕಾಣ್ದಿದ್ರೆ ಬಿಚ್ಚಿ ಇನ್ನೊಂದ್ಸಲ ಹೊಲೀತೀನಿ, ಅದ್ಕೆ ದುಡ್ಡಿಲ್ಲ."